ನನ್ನ ಪಿಎಚ್‌ಡಿ ತಿಂದ ಟಗರು

ಗೋಕಾಕದ ಕಾಲೇಜಿನಲ್ಲಿ ನನ್ನ ಕೋಣೆಯ ಬಾಗಿಲಿಗೆ ‘ಡಾ.’ ಎಂಬ ಅಕ್ಷರವಿದ್ದ ಫಲಕ ಹಾಕಿದ ದಿನ, ಏನೋ ಮರೆತವಳ ಹಾಗೆ ನಾಲ್ಕು ಸಲ ಹೊರಗೆ ಹೋಗಿ ಒಳಗೆ ಬಂದೆ. ಹೆಮ್ಮೆಯನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಏಳು ವರ್ಷ, ಎರಡು ಹೆರಿಗೆ, ಕಲ್ಲೋಳಿಯ ಮನೆಯಿಂದ ದಿನವೂ ಬಸ್ಸಿನಲ್ಲಿ ನಿಂತೇ ಬಂದದ್ದು. ಇಷ್ಟೆಲ್ಲ ಆದ ಮೇಲೆ ಕೈಗೆ ಬಂದದ್ದನ್ನು ಯಾಕೆ ಮುಚ್ಚಿಡಬೇಕು?

ನಾನು ಸಸ್ಯಶಾಸ್ತ್ರ ಕಲಿಸುವವಳು. ನಮ್ಮ ಸೀಮೆಯಲ್ಲಿ ಕುರಿ ಮೇಯುವ ಹುಲ್ಲುಗಳೇ ನನ್ನ ಸಂಶೋಧನೆಯ ವಿಷಯ. ಹುಕ್ಕೇರಿಯ ತವರಿಗೆ ಹೋದಾಗಲೆಲ್ಲ ಅಣ್ಣ ಕಾಡುತ್ತಿದ್ದ: “ಹುಲ್ಲ ಮುಗಸಾಕ ಏಳ ವರ್ಷ ಬೇಕೇನ? ನಮ್ಮ ಎಮ್ಮಿ ಒಂದ ದಿನದಾಗ ಮುಗಸ್ತೈತಿ.” ಅವನ ಬಾಯಿಗೆ ಬೆಂಕಿ ಹಾಕಬೇಕು, ಆ ಮಾತು ಹೆಚ್ಚು ಕಡಿಮೆ ಖರೆಯೇ ಆಯಿತು.

ತೆನೆ ಬಿಟ್ಟ ಹುಲ್ಲನ್ನು ಬೇರುಸಹಿತ ಕಿತ್ತು, ಹಳೆಯ ಪೇಪರಿನ ನಡುವೆ ಹರಡಿ, ಮೇಲೆ ಕಲ್ಲು ಹೇರಿ ಒಣಗಿಸಬೇಕು. ಆಮೇಲೆ ಅದನ್ನು ದಪ್ಪ ಹಾಳೆಗೆ ಅಂಟಿಸಿ ವಿಶ್ವವಿದ್ಯಾಲಯದ ಕಪಾಟಿಗೆ ಒಪ್ಪಿಸಬೇಕು. ಅದೇ ಸಾಕ್ಷಿ. ಸಾಕ್ಷಿ ಇಲ್ಲದಿದ್ದರೆ ಪ್ರಬಂಧವನ್ನು ಯಾರೂ ಮುಟ್ಟುವುದಿಲ್ಲ. ನನ್ನ ಬಳಿ ಅರವತ್ತೆರಡು ಹುಲ್ಲುಗಳ ಕಟ್ಟು ಸಿದ್ಧವಾಗಿತ್ತು. ಗಡುವು ಎರಡು ಸಲ ಮುಂದೆ ಹೋಗಿ, ದೀಪಾವಳಿಯೊಳಗೆ ಒಪ್ಪಿಸದಿದ್ದರೆ ನೋಂದಣಿಯೇ ರದ್ದು ಎಂಬ ಪತ್ರ ಬಂದಿತ್ತು.

ಆಗ ದಸರೆ ಬಂತು. ದಸರೆಗೆ ಮುಂಚೆ ನಮ್ಮ ಕಡೆ ಮನೆಯೇ ಅಂಗಳಕ್ಕೆ ಬರುತ್ತದೆ. ಹಾಸಿಗೆ, ಕಂಬಳಿ, ಡಬ್ಬಿ, ಎಲ್ಲವೂ ಹೊರಗೆ; ತೊಳೆದು ಬಳಿದ ಮೇಲೆಯೇ ಒಳಗೆ. ಚಿಕ್ಕವಳನ್ನು ಕಂಕುಳಲ್ಲಿಟ್ಟುಕೊಂಡು ನಾನು ಅತ್ತೆಗೆ ಹೇಳಿದೆ: “ಅತ್ತಿ, ಕಟ್ಟಿ ಮ್ಯಾಲಿನ ಪೇಪರ್ ಕಟ್ಟು ಬ್ಯಾಡಾಗಿದ್ದು, ಒಗದ ಬಿಡ್ರಿ.” ಅದು ತೆನೆ ಇಲ್ಲದ, ಕೆಲಸಕ್ಕೆ ಬಾರದ ಹುಲ್ಲಿನ ಕಟ್ಟು. ಸಾಮಾನು ಸಾಗಿಸುವ ಗದ್ದಲದಲ್ಲಿ ಕಟ್ಟೆಯ ಮೇಲೆ ಯಾವ ಕಟ್ಟು ಬಂದು ಕೂತಿತ್ತೆಂದು ನಾನು ನೋಡಲಿಲ್ಲ.

ಒಗೆದಿದ್ದರೂ ತಿಪ್ಪೆಯಿಂದ ಆರಿಸಿಕೊಳ್ಳಬಹುದಿತ್ತು. ಆದರೆ ನಮ್ಮದು ಕುರುಬರ ಮನೆ. ನನ್ನ ಅತ್ತೆ ತಮ್ಮ ಹದಿನೈದನೆಯ ವಯಸ್ಸಿನವರೆಗೆ ಅಪ್ಪನ ಕುರಿಯ ಹಿಂದೆ ಊರೂರು ನಡೆದವರು.

“ಹುಲ್ಲ ಯಾರರ ತಿಪ್ಪಿಗೆ ಒಗೀತಾರೇನ ಯವ್ವಾ? ಟಗರಿಗೆ ಹಾಕೀನಿ” ಎಂದರು ಸಂಜೆ.

ಅಂಗಳದ ಮೂಲೆಯಲ್ಲಿ ಕಡಲೆ ತಿಂದು ಕೊಬ್ಬಿದ ಟಗರು ಮೆಲುಕು ಹಾಕುತ್ತಿತ್ತು. ಒಣಹುಲ್ಲಿಗೆ ಹುಳು ಹಿಡಿಯದಂತೆ ಹಚ್ಚುವ ವಿಷದ ಔಷಧಿಯನ್ನು ನಾನು ಇನ್ನೂ ಹಚ್ಚಿರಲಿಲ್ಲ. ಹಚ್ಚಿದ್ದರೆ ಟಗರೂ ಸತ್ತುಹೋಗುತ್ತಿತ್ತು. ಆ ಗಳಿಗೆಯಲ್ಲಿ ಹೋಗಲಿ ಎಂದೇ ನನಗೆ ಅನ್ನಿಸಿತು. ಖಾಲಿ ಪೇಪರುಗಳನ್ನು ಅಡುಗೆಮನೆಯ ಗೋಡೆಗೂಡಿಗೆ ಹಾಸಲು ಅತ್ತೆ ನೀಟಾಗಿ ಮಡಚಿಟ್ಟಿದ್ದರು. ಪ್ರತಿಯೊಂದರ ಮೇಲೂ ಊರಿನ ಹೆಸರು, ನನ್ನ ಪೆನ್ಸಿಲಿನ ನಂಬರು, ಒಂದರಿಂದ ಅರವತ್ತೆರಡರವರೆಗೆ.

“ಇಷ್ಟ ದೊಡ್ಡದಾಗಿ ಬರದೇನಿ, ಕಾಣಲಿಲ್ಲೇನ್ರಿ? ಓದಾಕ ಬರದಿದ್ರ ಕೇಳಬೇಕು” ಎಂದುಬಿಟ್ಟೆ.

ಒಂದನೆಯ ತರಗತಿಯಲ್ಲಿದ್ದ ದೊಡ್ಡ ಮಗಳು ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಕಟ್ಟು ಹೋದದ್ದಕ್ಕಿಂತ ಹೆಚ್ಚಾಗಿ, ಏಳು ವರ್ಷ ನನ್ನ ಮಕ್ಕಳನ್ನು ಬೆನ್ನಿಗೆ ಹಾಕಿಕೊಂಡವರಿಗೆ ಹಾಗೆ ಅಂದೆನಲ್ಲ ಎಂದು.

ಬೆಳಿಗ್ಗೆ ನೋಡಿದರೆ ಅತ್ತೆ ಬುತ್ತಿ ಕಟ್ಟಿ, ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. “ನಡಿ, ಹೋಗೂಣು. ಏನೇನ ತಿಂದೈತಿ ಅಂತ ನನಗ ಗೊತ್ತೈತಿ.”

ಮೂಡಲಗಿಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗಂಡ ಇಬ್ಬರೂ ಮಕ್ಕಳನ್ನು ಅಂಗಡಿಗೆ ಕರೆದೊಯ್ದರು. ಕಾಲೇಜಿಗೆ ರಜೆ ಇತ್ತು. ಎಂಟು ದಿನ ನಾವಿಬ್ಬರೂ ಅಲೆದೆವು. ಕೌಜಲಗಿಯ ಎರೆಹೊಲದ ಬದು, ಕಾಲುವೆಯ ದಂಡೆ, ಹುಕ್ಕೇರಿಯ ಗುಡ್ಡ. ಅತ್ತೆ ಪೇಪರುಗಳನ್ನು ಒಂದೊಂದಾಗಿ ಬಿಡಿಸಿ ಟಗರಿನ ಮುಂದೆ ಹಿಡಿದಿದ್ದರಂತೆ. ಯಾವುದನ್ನು ಅದು ಕಸಿದುಕೊಂಡು ತಿಂದಿತು, ಯಾವುದನ್ನು ಮೂಸಿ ಬಿಟ್ಟು ಕಡೆಗೆ ತಿಂದಿತು ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. “ಈ ಕರಕಿ ಆಮ್ಯಾಲ. ಮೊದಲ ಆ ಸಣ್ಣ ತೆನಿದು. ಹಸೀದಿದ್ದಾಗ ಕುರೀನೂ ಹಂಗ ಮಾಡ್ತಾವು.” ಮೊದಲ ದಿನ ನಾನು ಹೂಂ ಎನ್ನುತ್ತಿದ್ದೆ. ಎರಡನೆಯ ದಿನದಿಂದ ಬರೆದುಕೊಳ್ಳತೊಡಗಿದೆ.

ಒಂದು ಹುಲ್ಲಂತೂ ಎಲ್ಲ ಕಡೆ ತೆನೆ ಉದುರಿಸಿ ಒಣಗಿಹೋಗಿತ್ತು. ಅತ್ತೆ ನನ್ನನ್ನು ಹುಕ್ಕೇರಿ ಗುಡ್ಡದ ಬಂಡೆಯೊಂದರ ಹಿಂದಕ್ಕೆ ಕರೆದೊಯ್ದರು. ಅಲ್ಲಿ ಅದು ಆಗತಾನೇ ತೆನೆ ಬಿಟ್ಟು ನಿಂತಿತ್ತು. “ಇಲ್ಲಿ ಬಿಸಲ ತಡಾ ಮಾಡಿ ಬರತೈತಿ. ಹುಲ್ಲೂ ತಡಾ ಮಾಡತೈತಿ” ಎಂದರು. ನಾನು ಹುಟ್ಟಿ ಬೆಳೆದ ಊರಿನ ಗುಡ್ಡ ಅದು.

ಅಲ್ಲೇ ಬುತ್ತಿ ಬಿಚ್ಚಿದಾಗ, “ಆವತ್ತ ನಂದ ತಪ್ಪಾತ್ರಿ ಅತ್ತಿ” ಎಂದೆ.

ಅವರು ರೊಟ್ಟಿ ಮುರಿಯುತ್ತ ಹೇಳಿದರು: “ಓದಾಕ ಬರಾಂಗಿಲ್ಲ ಅಂದದ್ದು ಖರೇನ ಐತಿ ಬಿಡು. ಆದ್ರ ಕೂಸಿನ ಮುಂದ ಅನಬಾರದಿತ್ತು.”

ಅರವತ್ತೆರಡರಲ್ಲಿ ಅರವತ್ತು ಸಿಕ್ಕವು. ಕುರಿ ಯಾವ ಹುಲ್ಲನ್ನು ಮೊದಲು ಬಯಸುತ್ತದೆ ಎಂಬ ಅತ್ತೆಯ ಪಟ್ಟಿಯನ್ನು ಮೇಯುವ ಕುರಿಗಳ ಹಿಂದೆ ನಿಂತು ತಾಳೆ ನೋಡಿದೆ. ಎರಡೇ ಕಡೆ ವ್ಯತ್ಯಾಸ ಬಂತು. ಅದೇ ಪ್ರಬಂಧದ ಹೊಸ ಅಧ್ಯಾಯವಾಯಿತು. ದೀಪಾವಳಿಗೆ ಮೂರು ದಿನ ಮುಂಚೆ ಎಲ್ಲವನ್ನೂ ಒಪ್ಪಿಸಿದೆ.

ಮೌಖಿಕ ಪರೀಕ್ಷೆಗೆ ಮನೆಮಂದಿಯೆಲ್ಲ ಬಂದರು. ಬೇರೆ ಊರಿಂದ ಬಂದಿದ್ದ ಪರೀಕ್ಷಕರು ಉಳಿದದ್ದನ್ನು ಬಿಟ್ಟು ಆ ಅಧ್ಯಾಯವನ್ನೇ ಹಿಡಿದರು. ಈ ಪಟ್ಟಿ ಮೊದಲು ಎಲ್ಲಿ ಸಿಕ್ಕಿತು ಎಂದು ಕೇಳಿದರು. ಕೊನೆಯ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು, ಚಿಕ್ಕವಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಅತ್ತೆಯನ್ನು ತೋರಿಸಿದೆ. ಟಗರಿನ ಕಥೆಯನ್ನೂ ಬಿಡದೆ ಹೇಳಿದೆ. ಸಭೆ ನಕ್ಕಿತು. ಪರೀಕ್ಷಕರು ಮಾತ್ರ ಎದ್ದು ನಿಂತು ಅತ್ತೆಗೆ ಕೈಮುಗಿದರು. ನನಗೆ ಪದವಿ ಘೋಷಿಸಿದ್ದು ಆಮೇಲೆ.

ಮುಗಿದ ಮೇಲೆ ಎಲ್ಲರನ್ನೂ ಕಪಾಟಿನ ಕೋಣೆಗೆ ಕರೆದುಕೊಂಡು ಹೋದೆ. ನಮ್ಮ ಹಾಳೆಗಳನ್ನು ಮೇಜಿನ ಮೇಲಿಟ್ಟೆ. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಚೀಟಿ ಇರುತ್ತದೆ. ಹುಲ್ಲಿನ ಹೆಸರು, ಸಿಕ್ಕ ಊರು, ಸಂಗ್ರಹಿಸಿದವರು. ಕೊನೆಯ ಸಾಲನ್ನು ಕನ್ನಡದಲ್ಲೂ ಬರೆದಿದ್ದೆ.

“ಅಜ್ಜಿಗೆ ಓದಿ ಹೇಳು” ಎಂದೆ ದೊಡ್ಡವಳಿಗೆ.

ಅವಳು ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಮೊದಲು ಅಜ್ಜಿಯ ಹೆಸರು, ಅದರ ಕೆಳಗೆ ನನ್ನದು. ಅತ್ತೆ ಇನ್ನೊಂದು ಹಾಳೆ ತೋರಿಸಿದರು. ಅದನ್ನೂ ಓದಿದಳು. ಮತ್ತೊಂದು. ಹೀಗೆ ಅರವತ್ತನ್ನೂ ಓದಿಸಿದರು. ಕೋಣೆಯ ಕಾವಲಿನವನು ಬೀಗ ಹಿಡಿದು ಕಾಯುತ್ತ ನಿಂತ.

ಕೊನೆಯ ಹಾಳೆ ಮುಗಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

“ಎಲ್ಲಾ ಬರೋಬರಿ ಬರದಿ. ಟಗರಿಂದೂ ಒಂದ ಕಡೆ ಬರೀಬೇಕಿತ್ತು.”