ಒಳಗೆ ಬಿಟ್ಟ ಬಟ್ಟೆ

ಅಕ್ಕ ಬಟ್ಟೆ ಹೊಲಿಯುವವಳು, ತಂಗಿ ಆಫೀಸಿನಲ್ಲಿ ಗುಮಾಸ್ತೆ. ಅಪ್ಪ ಅಮ್ಮ ಕಣ್ಮುಚ್ಚಿದ ಮೇಲೆ ಒಬ್ಬರಿಗೊಬ್ಬರು. ತಂಗಿಗೆ ಒಂದೇ ಹುಚ್ಚು, ಅಜ್ಜಿಯ ಕಾಲದ ಉಡುಪು. ಹಳೆಯ ಫೋಟೋ ಮುಂದಿಟ್ಟು, "ಇದೇ ಥರ ಬೇಕು. ಆದ್ರೆ ಬಸ್ ಹತ್ತೋ ಹಾಗಿರ್ಬೇಕು, ಜೇಬೂ ಇರ್ಬೇಕು" ಅನ್ನುತ್ತಿದ್ದಳು. ಅಕ್ಕ ದುಂಡು ಕಾಲರು, ಉಬ್ಬು ತೋಳು, ಬಟ್ಟೆ ಹೊದಿಸಿದ ಗುಂಡಿ ಎಲ್ಲ ಇಟ್ಟು, ನೆಲ ಗುಡಿಸುವ ಉದ್ದವನ್ನು ಮೊಣಕಾಲಿನ ಕೆಳಗೇ ನಿಲ್ಲಿಸಿ ಹೊಲಿದುಕೊಟ್ಟಳು. "ಫೋಟೋದಿಂದ ಇಳಿದು ಬಂದ್ಯಾ?" ಎಂದು ನಕ್ಕ ಆಫೀಸಿನವರೇ ಆಮೇಲೆ ಅಳತೆ ಕೊಡಲು ಅಕ್ಕನ ಬಾಗಿಲಿಗೆ ಬಂದರು.

ತಂಗಿಗೆ ಹೊಟ್ಟೆಯ ಕಾಯಿಲೆ ಶುರುವಾಯಿತು. ಮೊದಲು ಸಡಿಲವಾದದ್ದು ಸೊಂಟ. "ಒಂಚೂರು ಹಿಡಿದುಕೊಡೇ ಅಕ್ಕ" ಎಂದಳು. ಅಕ್ಕ ಪಕ್ಕದ ಹೊಲಿಗೆಯನ್ನು ಒಳಕ್ಕೆ ಸರಿಸಿದಳು. ಹೆಚ್ಚಾದ ಬಟ್ಟೆಯನ್ನು ಮಾತ್ರ ಕತ್ತರಿಸದೆ ಒಳಗೇ ಬಿಟ್ಟಳು. ಮೈ ತುಂಬಿಕೊಂಡಾಗ ಬಿಚ್ಚಿದರಾಯಿತು. ಮತ್ತೆ ಸಡಿಲವಾಯಿತು, ಮತ್ತೆ ಹಿಡಿದಳು. ಡಾಕ್ಟರು ಅಕ್ಕನೊಬ್ಬಳನ್ನೇ ಒಳಗೆ ಕರೆದು, ಇನ್ನು ಕೈಲಾಗುವುದೇನೂ ಇಲ್ಲ ಎಂದರು. ಮನೆಗೆ ಬಂದು ಅವಳು, "ಮಾತ್ರೆ ಬದಲಾಯಿಸಿದ್ದಾರೆ, ಅಷ್ಟೇ" ಅಂದಳು.

ಮೈ ಎಲುಬಿನ ಹಂದರವಾದರೂ ತಂಗಿ ನೈಟಿ ಮುಟ್ಟಲಿಲ್ಲ. ಆಫೀಸು ಬಿಟ್ಟಾಗಿತ್ತು. ಆದರೂ ಬೆಳಿಗ್ಗೆ ಎದ್ದು, ಅಕ್ಕನ ಕೈಲಿ ಗುಂಡಿ ಹಾಕಿಸಿಕೊಂಡು ಕೂರುತ್ತಿದ್ದಳು. ಒಂದು ದಿನ ಮೈ ಒರೆಸುವಾಗ ಸೊಂಟದ ಮೂಳೆಯ ಮೇಲೆ ಕೆಂಪು ಗಾಯ ಕಂಡಿತು. ಒಳಗಿನ ದಪ್ಪ ಮಡಿಕೆ ಉಜ್ಜಿ ಉಜ್ಜಿ ಚರ್ಮ ಸುಲಿದಿತ್ತು.

"ಹೇಳೋದಲ್ವೇನೇ?"

"ನೀನು ಯಾಕೆ ಕತ್ತರಿಸ್ತಿಲ್ಲ ಅಂತ ನಂಗೊತ್ತಿತ್ತು. ಅದಕ್ಕೇ ಸುಮ್ಮನಿದ್ದೆ." ತಂಗಿ ಗೋಡೆಯ ಕಡೆ ತಿರುಗಿದಳು. "ಇನ್ನು ಕತ್ತರಿಸಿಬಿಡು ಅಕ್ಕ. ಚುಚ್ಚುತ್ತೆ."

ಅಕ್ಕನ ಕೈಗೆ ಕತ್ತರಿ ಹೊಸದಲ್ಲ. ಅಂದು ಮಾತ್ರ ಎರಡು ಸಲ ಹಿಡಿದು ಎರಡು ಸಲವೂ ಕೆಳಗಿಟ್ಟಳು. ಆಮೇಲೆ ಒಂದೊಂದೇ ಉಡುಪನ್ನು ತೊಡೆಯ ಮೇಲೆ ಹರವಿಕೊಂಡು ಹೊಲಿಗೆಯ ಅಂಚಿಗೇ ಕತ್ತರಿಸುತ್ತ ಹೋದಳು. ಪಟ್ಟಿಗಳು ಕಾಲ ಬುಡದಲ್ಲಿ ಬಿದ್ದವು. ಇಬ್ಬರೂ ಅಳಲಿಲ್ಲ. ತೊಡಿಸಿದಾಗ ತಂಗಿ, "ಈಗ ಹಾಯಾಗಿದೆ" ಅಂದಳು.

ಆ ತಿಂಗಳು ದಾಟುವ ಮೊದಲೇ ಅವಳು ಹೋದಳು. ಚಿಕ್ಕಮ್ಮ ಬಂದವರು ಕಪಾಟು ತೆರೆದು, "ಇಷ್ಟು ಒಳ್ಳೇ ಬಟ್ಟೆ, ಯಾರಿಗಾದ್ರೂ ಕೊಟ್ಟುಬಿಡೇ. ಹಾಕ್ಕೊಂಡವರು ಹರಸ್ತಾರೆ" ಅಂದರು.

"ಯಾರಿಗಾಗುತ್ತೆ ಚಿಕ್ಕಮ್ಮ?"

ಚಿಕ್ಕಮ್ಮ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಸೊಂಟದ ಅಗಲ ಗೇಣಿಗಿಂತ ಹೆಚ್ಚಿರಲಿಲ್ಲ. ಅದನ್ನು ಇದ್ದಲ್ಲೇ ತೂಗುಹಾಕಿ ಕಪಾಟು ಮುಚ್ಚಿದರು.