ನಾನು ಬರೆದ ನೋಟಿಸ್

ಚನ್ನಪಟ್ಟಣದಲ್ಲಿ ನಾನು ಬಾಗಿಲು ತಟ್ಟಿದ ಮೊದಲ ಮನೆಯಲ್ಲಿ ಕುಡಿಯಲು ನೀರು ಕೇಳಿದೆ. ಆ ಮನೆಯ ಹೆಂಗಸು ನನ್ನ ಕೈಗಳನ್ನೇ ನೋಡುತ್ತಾ, "ಗುಂಡಿ ನೋಡಕ್ಕೆ ಬಂದೋರು ತಾನೆ? ನಲ್ಲಿ ಆಚೆ ಐತೆ" ಎಂದರು. ಬೊಗಸೆಯೊಡ್ಡಿ ಕುಡಿದೆ.

ನಮ್ಮ ಸೇಡಂನಿಂದ ರಾಜ್ಯದ ಈ ತುದಿಗೆ ನನ್ನನ್ನು ತಂದದ್ದು ಸರ್ಕಾರಿ ನೌಕರಿ. ಮನೆಗಳ ಶೌಚಗುಂಡಿ ನಿಯಮದಂತಿದೆಯೇ, ಕೊಳಕು ನೀರು ಚರಂಡಿಗೆ ಹರಿಯುತ್ತಿದೆಯೇ, ಯಂತ್ರದಿಂದಲೇ ಖಾಲಿ ಮಾಡಿಸುತ್ತಾರೆಯೇ ಎಂದು ನೋಡಬೇಕು. ತಪ್ಪಿದ್ದರೆ ನೋಟಿಸ್ ಕೊಡಬೇಕು. ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಬೆಳಗಾಗುತ್ತದೆ. ಇಲ್ಲಿ ಮುದ್ದೆ ಸದ್ದಿಲ್ಲದೆ ಗಂಟಲಿಳಿಯುತ್ತದೆ. ನಾನು "ಹೌದ್ರಿ" ಎಂದರೆ ಕಚೇರಿಯಲ್ಲಿ ನಗುತ್ತಾರೆ. ಎಷ್ಟೋ ಭಾನುವಾರ ಒಂದು ಮಾತೂ ಆಡದೆ ಸಂಜೆಯಾಗಿದೆ.

ಮಾತಾಡಿಸುತ್ತಿದ್ದವರು ನನ್ನ ಬಾಡಿಗೆ ಮನೆಯ ಮಾಲಕಿ ಜಯಮ್ಮ ಒಬ್ಬರೇ. ರೇಷ್ಮೆ ನೂಲು ತೆಗೆದು ದುಡಿದು ಆ ಮನೆ ಕಟ್ಟಿದವರು. "ಅಗೀಬ್ಯಾಡ ಕಣವ್ವ, ನುಂಗು" ಎಂದು ಮುದ್ದೆ ಉಣ್ಣಲು ಕಲಿಸಿದ್ದೂ ಅವರೇ.

ಮಳೆಗಾಲದಲ್ಲಿ ಅವರ ಮನೆಯ ಗುಂಡಿಯೇ ತುಂಬಿತು. ಒಂದು ಬೆಳಿಗ್ಗೆ ಹಿತ್ತಲಿಗೆ ಹೋದರೆ ಚಪ್ಪಡಿ ಸರಿದಿತ್ತು. ನಡುವಯಸ್ಸಿನ ಗಂಡಸೊಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದ.

"ಇಳೀಬ್ಯಾಡ್ರಿ" ಎಂದೆ.

"ಈ ಗಲ್ಲಿಗೆ ಗಾಡಿ ಬರಕಿಲ್ಲ ಕಣವ್ವ. ಒಸಿ ಹೊತ್ತಿನ ಕೆಲ್ಸ. ನೀನು ಆಫೀಸಿಗೆ ಹೋಗು" ಎಂದರು ಜಯಮ್ಮ.

ಒಸಿ ಎಂದರೆ ನಮ್ಮ ಕಡೆಯ ಜರಾ, ಸ್ವಲ್ಪ. ಗುಂಡಿಯ ಗಾಳಿ ಕೊಲ್ಲಲು ಅಷ್ಟು ಹೊತ್ತೇ ಸಾಕು. ನಾನು ಗುಂಡಿಯ ಅಂಚಿನಲ್ಲಿ ಕೂತುಬಿಟ್ಟೆ. ಆತ ಹಗ್ಗ ಬಿಚ್ಚಿ ಸುತ್ತಿಕೊಂಡು, "ಇವತ್ತಿನ ಕೂಲಿ ಹೋಯ್ತಲ್ಲವ್ವ" ಎಂದ.

ಉದ್ದ ಪೈಪಿನ ಗಾಡಿ ತರಿಸಿ ಗುಂಡಿ ಖಾಲಿ ಮಾಡಿಸಿದೆ. ನೋಟಿಸನ್ನೂ ನಾನೇ ಬರೆದೆ. ಜಯಮ್ಮ ಸಹಿ ಹಾಕಿ, "ನಮ್ಮನೇಲಿ ಉಂಡು ನಮ್ಗೇ ಬರ್ದ್‌ಬುಟ್ಟೆ" ಎಂದರು. ಆಮೇಲೆ ಅವರು ಬಾಡಿಗೆ ಪಡೆಯುವಾಗಲೂ ನನ್ನ ಮುಖ ನೋಡಲಿಲ್ಲ.

ಹಬ್ಬಕ್ಕೆ ಊರಿಗೆ ಹೋದೆ. ನನ್ನ ಭಾಷೆ, ನನ್ನ ರೊಟ್ಟಿ, ನನ್ನ ಅವ್ವ. ಊಟ ಮಾಡುತ್ತಾ ಕೇಳಿದೆ: "ಅವ್ವಾ, ನಮ್ಮನಿ ಗುಂಡಿ ಯಾರು ಖಾಲಿ ಮಾಡ್ತಿದ್ರು?"

ಅವ್ವ ರೊಟ್ಟಿ ಬುಟ್ಟಿ ಮುಚ್ಚಿದಳು. "ಈಗ್ಯಾಕ ಅದೆಲ್ಲ" ಎಂದು ಎದ್ದು ಒಳಗೆ ಹೋದಳು.

ಎರಡೂ ಮನೆಗಳಲ್ಲಿ ನನ್ನೊಡನೆ ಮಾತು ನಿಂತಿತ್ತು. ಊರಲ್ಲೂ ನಾನು ಗುಂಡಿ ನೋಡಲು ಬಂದವಳಾಗಿದ್ದೆ. ಮಾರನೆಯ ದಿನ, ರಜೆ ಇನ್ನೂ ಉಳಿದಿರುವಾಗಲೇ, ಚನ್ನಪಟ್ಟಣದ ದಾರಿ ಹಿಡಿದೆ.