ಎರಡು ಕಾಯಿ ತೂಕ

ಸೈನ್ಯ ಬಿಟ್ಟು ಬಂದರೂ ಲಕ್ಕಯ್ಯ ಅಲ್ಲಿನ ಬಿಗುಮಾನ ಬಿಟ್ಟಿರಲಿಲ್ಲ. ಖಾಕಿ ಅಂಗಿಗೆ ಕತ್ತಿನವರೆಗೂ ಗುಂಡಿ ಹಾಕಿ, ತನ್ನದೇ ಲೈಸೆನ್ಸಿನ ರೈಫಲನ್ನು ಹೆಗಲಿಗೇರಿಸಿ ತಿಪಟೂರಿನ ಕೊಬ್ಬರಿ ಮಂಡಿಯ ಬಾಗಿಲಲ್ಲಿ ಕಾವಲಿಗೆ ನಿಂತನೆಂದರೆ, ಒಳಗೆ ಕೊಬ್ಬರಿ ಆರಿಸುವ ಹೆಂಗಸರು ಮಕ್ಕಳನ್ನು ಅವನ ಕಾಲ ಬಳಿ ಆಡಲು ಬಿಟ್ಟು ನಿಶ್ಚಿಂತೆಯಾಗಿರುತ್ತಿದ್ದರು.

ಎಂಬತ್ತೆರಡನೇ ಇಸವಿಯಲ್ಲಿ ಬಲಗೈಗೆ ಲಕ್ವ ಹೊಡೆಯಿತು. ಕೈಯೇನೋ ಮರಳಿ ಬಂತು, ತೋರುಬೆರಳು ಮಾತ್ರ ಮುನಿಸಿಕೊಂಡೇ ಉಳಿಯಿತು. ದೀಪಾವಳಿ ಕಳೆದ ಮೇಲೆ ಕೆರೆಯಂಗಳದಲ್ಲಿ ಗುಂಡು ಹಾರಿಸಿ ತೋರಿಸು, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮಂಡಿ ಸಾಹುಕಾರರು ಹೇಳಿಬಿಟ್ಟರು. ಅಷ್ಟಕ್ಕೆಲ್ಲ ಜಗ್ಗುವ ಆಸಾಮಿಯೇ ಇವನು? ಬೆಂಗಳೂರಿನಿಂದ ಹಗುರವಾದ ಹೊಸ ಟ್ರಿಗರ್ ತರಿಸಿಕೊಂಡು ಬಂದೂಕು ರಿಪೇರಿಯ ಅಣ್ಣಯ್ಯನ ಅಂಗಡಿಗೆ ಹೋದ. ಅವನು ಬೇಡವೆಂದರೂ ಹೆಂಡತಿ ಭೂತಮ್ಮ ಜೊತೆಗೇ ಹೊರಟಳು.

ಅಣ್ಣಯ್ಯನಿಗೆ ತೆಂಗಿನಕಾಯಿಯೇ ತೂಕದ ಬಟ್ಟು. ಖಾಲಿ ಬಂದೂಕಿನ ಬೋಲ್ಟ್ ಎಳೆದು, ಟ್ರಿಗರಿಗೆ ದಾರ ಕಟ್ಟಿ, ಸುಲಿದ ಕಾಯಿಗಳನ್ನು ಒಂದೊಂದಾಗಿ ತೂಗುಬಿಡುತ್ತಿದ್ದ. ಎಷ್ಟು ಕಾಯಿಗೆ ಟಿಕ್ ಎಂದಿತೋ ಅದೇ ಟ್ರಿಗರಿನ ಬಿಗಿ. ಹಳೆಯದಕ್ಕೆ ಐದು ಬೇಕಾಗಿತ್ತು. ಹೊಸದನ್ನು ಕೂಡಿಸಿ, ತಿರುಪು ಸಡಿಲಿಸಿ ಎರಡಕ್ಕೆ ತಂದ. ಲಕ್ಕಯ್ಯ ಒತ್ತಿ ನೋಡಿದ. ಬೆರಳು ನಡುಗಿತು, ಟ್ರಿಗರ್ ಕದಲಲಿಲ್ಲ.

ಒಂದು ಕಾಯಿಗೆ ಇಳಿಸು ಎಂದ. ಅಣ್ಣಯ್ಯ ಒಲ್ಲದ ಮನಸ್ಸಿನಿಂದ ಇಳಿಸಿದ. ಈಗ ಬೆರಳು ಮಾತು ಕೇಳಿತು, ಟಿಕ್ ಎಂದಿತು. ಲಕ್ಕಯ್ಯನ ಮುಖ ಅರಳಿತು. ಅಣ್ಣಯ್ಯ ಮತ್ತೆ ಬೋಲ್ಟ್ ಎಳೆದು ಬಂದೂಕಿನ ಹಿಂಬದಿಯನ್ನು ಮೆಲ್ಲಗೆ ನೆಲಕ್ಕೆ ಕುಟ್ಟಿದ. ಯಾರೂ ಟ್ರಿಗರ್ ಮುಟ್ಟದೆಯೇ ಟಿಕ್ ಎಂದಿತು. ಒಳಗೆ ಗುಂಡಿದ್ದರೆ ಹಾರಿಯೇ ಬಿಡುತ್ತಿತ್ತು.

ಒಂದು ತಿಂಗಳು ಹೀಗೇ ಇರಲಿ ಎಂದು ಲಕ್ಕಯ್ಯ ಹಟ ಹಿಡಿದ. ಬೆರಳು ಸುಧಾರಿಸುತ್ತಿದೆ, ಮೊದಲು ಸತಾಯಿಸುತ್ತಿದ್ದ ಅಂಗಿಯ ಗುಂಡಿ ಈಗ ಸಲೀಸಾಗಿ ಹೋಗುತ್ತಿದೆಯಲ್ಲ ಎಂದ.

ಭೂತಮ್ಮ ತಲೆ ತಗ್ಗಿಸಿದಳು. "ಬೆರಳು ಸುಧಾರಿಸಿಲ್ಲ ಕಣ್ರೀ. ಕಾಜಾನೆಲ್ಲ ನಾನೇ ಬ್ಲೇಡಿನಾಗೆ ಕುಯ್ದು ಅಗಲ ಮಾಡಿ ಹೊಲ್ದಿದ್ದೆ. ನೀವು ದಿನಾ ಒದ್ದಾಡಾದು ನೋಡಕ್ಕಾಗ್ಲಿಲ್ಲ."

ಲಕ್ಕಯ್ಯ ತನ್ನ ಅಂಗಿಯ ಕಡೆ ನೋಡಿಕೊಂಡ. ಕೋಪ ಬರಬೇಕಿತ್ತು, ಬರಲಿಲ್ಲ. ಕಾಲ ಬಳಿ ಆಡುವ ಮಂಡಿಯ ಮಕ್ಕಳು ಕಣ್ಣಿಗೆ ಕಟ್ಟಿದರು.

"ಎರಡು ಕಾಯಿಗೇ ಇರ್ಲಿ ಬುಡಪ್ಪ ಅಣ್ಣಯ್ಯ," ಎಂದ. "ಕೂಸುಗಳು ಓಡಾಡೋ ಜಾಗ ಅದು."

ಬಂದೂಕಿನ ಕೆಲಸ ಇನ್ನು ತನ್ನಿಂದಾಗದು ಎಂದು ಸಂಜೆ ತಾನೇ ಹೋಗಿ ಸಾಹುಕಾರರಿಗೆ ಹೇಳಿ ಬಂದ. ಅವರೂ ತಡೆಯಲಿಲ್ಲ.

ಬೆಳಗ್ಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಆದರೂ ಖಾಕಿ ಅಂಗಿ ತೊಟ್ಟು, ಗುಂಡಿ ಹಾಕದೆ ಅಡುಗೆಮನೆಗೆ ಬಂದು ಹೆಂಡತಿಯ ಮುಂದೆ ನಿಂತ. ಅವಳು ಸೆರಗಿಗೆ ಕೈ ಒರೆಸಿಕೊಂಡು ಕೆಳಗಿನಿಂದ ಒಂದೊಂದೇ ಹಾಕುತ್ತ ಬಂದಳು.

"ಕಾಜಾನ ಮತ್ತೆ ಮೊದಲಿನಂಗೆ ಚಿಕ್ಕದು ಮಾಡ್ಬುಡು," ಎಂದ ಲಕ್ಕಯ್ಯ. "ಇನ್ಮೇಲೆ ಹಾಕಾಕೆ ನೀನಿದ್ದೀಯಲ್ಲ."